ಕೂರಿಸಿದವರೇ ಎತ್ತಿಡಬೇಕು

2014ರ ನವೆಂಬರ್ ತಿಂಗಳ ಮೊದಲ ಶುಕ್ರವಾರ ನಮ್ಮ ಕಚೇರಿಯ ನಾಲ್ಕನೆಯ ಮಹಡಿಯಲ್ಲಿ ಒಂದು ಹಳ್ಳಿ ಎದ್ದು ನಿಂತಿತ್ತು. ರಾಜ್ಯೋತ್ಸವದ ಅಂಗವಾಗಿ ವಿಭಾಗಗಳ ನಡುವೆ ಏರ್ಪಟ್ಟಿದ್ದ ಅಲಂಕಾರ ಸ್ಪರ್ಧೆಗೆ ಲೆಕ್ಕಪತ್ರ ವಿಭಾಗದ ನಾವು ಆರಿಸಿಕೊಂಡ ವಿಷಯ ‘ನಮ್ಮ ಹಳ್ಳಿ’. ಥರ್ಮೋಕೋಲ್ ಹಾಳೆಗಳಿಗೆ ಕೆಮ್ಮಣ್ಣಿನ ಬಣ್ಣ ಬಳಿದು ಗೋಡೆ ಮಾಡಿದ್ದೆವು. ಜೆರಾಕ್ಸ್ ಯಂತ್ರದ ಮೇಲೆ ಹುಲ್ಲಿನ ಸೂರು ಬಂದು ಅದು ಚಹಾದಂಗಡಿಯಾಗಿತ್ತು. ಕುಡಿಯುವ ನೀರಿನ ಯಂತ್ರದ ಸುತ್ತ ಬಾವಿಕಟ್ಟೆ, ಅದರ ಮೇಲೊಂದು ರಾಟೆ. ಪಾಟರಿ ಟೌನ್‌ನಿಂದ ತಂದು, ಸುಣ್ಣದ ಬಿಳುಪಿನಲ್ಲಿ ರಂಗೋಲಿಯ ಎಳೆಗಳನ್ನು ಬರೆದಿದ್ದ ಹನ್ನೆರಡು ಮಡಕೆಗಳು ಕಂಪ್ಯೂಟರುಗಳ ನಡುವೆ ಸಾಲಾಗಿ ಕುಳಿತಿದ್ದವು. ನಮ್ಮ ಮ್ಯಾನೇಜರು ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿಕೊಂಡು ಪಂಚಾಯಿತಿ ಅಧ್ಯಕ್ಷರಾದರು. ತೀರ್ಪುಗಾರರು ಬಂದರು, ನಕ್ಕರು, ಫೋಟೊ ತೆಗೆಸಿಕೊಂಡರು. ಮೊದಲ ಬಹುಮಾನ ನಮಗೇ ಬಂತು.

ಆರು ಗಂಟೆಗೆ ಎಲ್ಲರೂ ಕಚೇರಿಯ ಬಸ್ಸು ಹಿಡಿಯಲು ಓಡಿದರು. ತಿಂಗಳ ಲೆಕ್ಕ ಮುಗಿಸಬೇಕಿದ್ದ ನಾನೊಬ್ಬಳೇ ಉಳಿದೆ. ಏಳರ ಹೊತ್ತಿಗೆ ಹೌಸ್‌ಕೀಪಿಂಗ್‌ನ ಇಬ್ಬರು ಹೆಂಗಸರು ಬಂದು ಹಳ್ಳಿಯನ್ನು ಮುರಿಯತೊಡಗಿದರು. ಥರ್ಮೋಕೋಲ್ ಮುರಿಯುವಾಗ ಹಲ್ಲು ಜುಮ್ಮೆನ್ನಿಸುವ ಸದ್ದು ಬರುತ್ತದೆ. ಅದರ ಬಿಳಿಯ ಕಾಳುಗಳು ಪೊರಕೆಗೆ, ಸೀರೆಗೆ, ಕೈಗೆ ಅಂಟಿಕೊಂಡು, ಗುಡಿಸಿದಷ್ಟೂ ಹಾರುತ್ತವೆ. ಒಂದು ವಾರ ನಾವು ಕಟ್ಟಿದ್ದನ್ನು ಅವರು ಒಂದೂವರೆ ಗಂಟೆಯಲ್ಲಿ ಕಪ್ಪು ಚೀಲಗಳಿಗೆ ತುಂಬಿದರು. ಕೊನೆಗೆ ಅವರಲ್ಲೊಬ್ಬರು, ಕನಕಪುರದ ಕಡೆಯವರು, ನಾವೆಲ್ಲ ‘ಅಕ್ಕ’ ಎಂದೇ ಕರೆಯುವವರು, ನನ್ನ ಮೇಜಿನ ಬಳಿ ಬಂದು ಕೇಳಿದರು: ‘ಮೇಡಂ, ಈ ಮಡಕೆ ಎಸೀಬೇಕಾ? ಎರಡು ನಾನು ತಗೊಂಡು ಹೋಗ್ಲಾ?’

ಧಾರಾಳವಾಗಿ ಒಯ್ಯಿರಿ ಎಂದೆ. ಹತ್ತು ನಿಮಿಷದಲ್ಲಿ ಅವರು ಹಿಂದಿರುಗಿ ಬಂದರು. ಗೇಟಿನಲ್ಲಿ ತಡೆದಿದ್ದರು. ಕಾವಲಿನವರದೂ ತಪ್ಪಲ್ಲ, ಕಚೇರಿಯಿಂದ ಯಾವ ವಸ್ತು ಹೊರಗೆ ಹೋಗಬೇಕಾದರೂ ಗೇಟ್ ಪಾಸ್ ಬೇಕು. ನಾವು ಒಳಗೆ ತರುವಾಗ ಯಾವ ಕಾಗದವನ್ನೂ ಕೇಳದಿದ್ದ ಮಡಕೆಗಳು ಅವರ ಕೈಯಲ್ಲಿ ಹೊರಗೆ ಹೋಗುವಾಗ ಕಾಗದ ಕೇಳಿದವು. ನಾನು ಕೆಳಗಿಳಿದು ಪಾಸ್ ಬರೆದುಕೊಟ್ಟೆ. ಆ ಚೀಟಿಯಲ್ಲಿ ಎರಡು ಚೌಕಗಳಿರುತ್ತವೆ: ಒಂದು ‘ಹಿಂದಿರುಗಿಸತಕ್ಕದ್ದು’, ಇನ್ನೊಂದು ‘ಹಿಂದಿರುಗಿಸಬೇಕಾಗಿಲ್ಲ’. ಎರಡನೆಯದಕ್ಕೆ ಗುರುತು ಹಾಕಿದೆ. ಕಾರಣ ಎಂಬಲ್ಲಿ ‘ಬೇಡವಾದ ವಸ್ತು’ ಎಂದು ಬರೆದು ಸಹಿ ಮಾಡಿದೆ.

ಆ ರಾತ್ರಿ ಬಸ್ಸಿನಲ್ಲಿ ಆ ಎರಡು ಪದಗಳು ನನ್ನನ್ನು ಕಾಡಿದವು. ನಮ್ಮ ಮಹಡಿಯಲ್ಲಿ ನಿಜವಾಗಿ ಹಳ್ಳಿಯಿಂದ ಬಂದು, ಇಂದಿಗೂ ಹಬ್ಬಕ್ಕೆ ಹಳ್ಳಿಗೆ ಹೋಗುವವರು ಅವರು. ನಮ್ಮ ಹಳ್ಳಿಯನ್ನು ಕಟ್ಟುವಾಗ ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಕೆಡಹುವಾಗ ಮಾತ್ರ ಅವರೇ ಬೇಕಾದರು. ಆ ಹಳ್ಳಿಯಲ್ಲಿದ್ದ ಒಂದೇ ಒಂದು ಉಪಯುಕ್ತ ವಸ್ತುವನ್ನು ಕಂಡುಕೊಂಡವರೂ ಅವರೇ.

ಬೆಂಗಳೂರಿನ ಕಚೇರಿಗಳಲ್ಲಿ ಕೆಲಸ ಮಾಡುವ ಯಾರಿಗೂ ಇಂಥ ಅಲಂಕಾರಗಳು ಹೊಸತಲ್ಲ. ಹಿಂದೆ ಆಯುಧಪೂಜೆಯ ದಿನ ಬೆರಳಚ್ಚು ಯಂತ್ರಕ್ಕೆ, ಕಪಾಟುಗಳಿಗೆ ಕುಂಕುಮವಿಟ್ಟು ಬಾಳೆಕಂಬ ಕಟ್ಟಿದರೆ ಮುಗಿಯುತ್ತಿತ್ತು. ಈಗ ರಾಜ್ಯೋತ್ಸವ, ದೀಪಾವಳಿ, ಕ್ರಿಸ್‌ಮಸ್, ಮಹಿಳಾ ದಿನ, ಪರಿಸರ ದಿನ, ವಿಶ್ವಕಪ್ ಕ್ರಿಕೆಟ್ ಎಲ್ಲಕ್ಕೂ ಒಂದೊಂದು ವಿಷಯ, ಒಂದೊಂದು ಸಮಿತಿ, ಒಂದೊಂದು ಬಹುಮಾನ. ಇಪ್ಪತ್ತು ವರ್ಷಗಳಿಂದ ಈ ಸಮಿತಿಗಳಲ್ಲಿ ಕತ್ತರಿ, ಗೋಂದು, ಪಿನ್ನುಗಳನ್ನು ಹಿಡಿದು ಓಡಾಡಿದವಳು ನಾನು. ಇವೆಲ್ಲ ವ್ಯರ್ಥ ಎಂದು ಮೂಗು ಮುರಿಯುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಬೂದು ಬಣ್ಣದ ನೆಲಹಾಸು, ತೆರೆಯಲಾಗದ ಗಾಜಿನ ಕಿಟಕಿ, ಹಗಲು ರಾತ್ರಿಗಳ ಭೇದವಿಲ್ಲದ ಬೆಳಕು, ಒಂದರಂತೆಯೇ ಇನ್ನೊಂದು ಮೇಜು: ಇಂಥ ಒಳಾಂಗಣದಲ್ಲಿ ದಿನಕ್ಕೆ ಒಂಬತ್ತು ಗಂಟೆ ಕಳೆಯುವ ಮನುಷ್ಯನಿಗೆ ಕಣ್ಣು ನಿಲ್ಲಿಸಲು ಏನಾದರೊಂದು ಬೇಕು. ನನ್ನ ತಕರಾರು ಇರುವುದು ಅಲಂಕಾರದ ಬಗ್ಗೆ ಅಲ್ಲ. ಅದನ್ನು ಯಾರು ಯೋಚಿಸುತ್ತಾರೆ, ಯಾರು ಕಟ್ಟುತ್ತಾರೆ, ಯಾರು ಎತ್ತಿಡುತ್ತಾರೆ ಎಂಬುದರ ಬಗ್ಗೆ.

ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಕ್ರೇಗ್ ನೈಟ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಪ್ರಶ್ನೆಗೆ ಸಂಬಂಧಿಸಿದ್ದು. ಅವರು ನಾಲ್ಕು ಬಗೆಯ ಕೋಣೆಗಳಲ್ಲಿ ಜನರನ್ನು ಕೂರಿಸಿ ಕಚೇರಿಯ ಕೆಲಸ ಮಾಡಿಸಿದರು. ಮೊದಲನೆಯದು ಏನೂ ಇಲ್ಲದ ಬೋಳು ಕೋಣೆ. ಎರಡನೆಯದರಲ್ಲಿ ಗಿಡಗಳನ್ನೂ ಚಿತ್ರಗಳನ್ನೂ ಮೊದಲೇ ಜೋಡಿಸಿಟ್ಟಿದ್ದರು. ಮೂರನೆಯದರಲ್ಲಿ ಅವೇ ಗಿಡ, ಚಿತ್ರಗಳನ್ನು ಕೊಟ್ಟು, ನಿಮಗೆ ಬೇಕಾದಂತೆ ಇಟ್ಟುಕೊಳ್ಳಿ ಎಂದು ಕೆಲಸಗಾರರಿಗೇ ಬಿಟ್ಟಿದ್ದರು. ನಾಲ್ಕನೆಯದು ವಿಚಿತ್ರ: ಕೆಲಸಗಾರರು ತಮಗೆ ಬೇಕಾದಂತೆ ಜೋಡಿಸಿ ಮುಗಿಸಿದ ಮೇಲೆ ಪ್ರಯೋಗ ನಡೆಸುವವರು ಬಂದು ಎಲ್ಲವನ್ನೂ ಬದಲಿಸಿಟ್ಟರು. ಬೋಳು ಕೋಣೆಗೆ ಹೋಲಿಸಿದರೆ ಎರಡನೆಯದರಲ್ಲಿ ಕೆಲಸ ಸುಮಾರು ಶೇ 17ರಷ್ಟು, ಮೂರನೆಯದರಲ್ಲಿ ಸುಮಾರು ಶೇ 32ರಷ್ಟು ಹೆಚ್ಚು ಸಾಗಿತು. ನಾಲ್ಕನೆಯದರಲ್ಲಿ ಆ ಲಾಭ ಕರಗಿಹೋಗಿತ್ತು. ಗಿಡಗಳೂ ಚಿತ್ರಗಳೂ ಅವೇ. ಇಟ್ಟ ಕೈ ಯಾರದು, ಆ ಕೈಯ ಮಾತಿಗೆ ಬೆಲೆ ಉಳಿಯಿತೇ ಎಂಬುದಷ್ಟೇ ವ್ಯತ್ಯಾಸ.

ಕಚೇರಿಯ ಗೋಡೆಗಳ ಚರಿತ್ರೆಯಲ್ಲಿಯೂ ಇದೇ ಪಾಠವಿದೆ. ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿ 1968ರಲ್ಲಿ ಮಾರುಕಟ್ಟೆಗೆ ತಂದ ‘ಆ್ಯಕ್ಷನ್ ಆಫೀಸ್’ನ ಎರಡನೆಯ ಆವೃತ್ತಿಯನ್ನು ರೂಪಿಸಿದವರು ರಾಬರ್ಟ್ ಪ್ರಾಪ್ಸ್ಟ್. ಬೇಕಾದ ಹಾಗೆ ತಿರುಗಿಸಿ ನಿಲ್ಲಿಸಬಹುದಾದ ತಡಿಕೆಗಳು, ಕೆಲಸಗಾರನು ತನ್ನ ಕಾಗದಪತ್ರಗಳನ್ನು ಕಣ್ಣೆದುರು ಹರಡಿಕೊಳ್ಳಬಹುದಾದ ಮೇಲ್ಮೈಗಳು, ಅವನವನ ಕೆಲಸಕ್ಕೆ ತಕ್ಕ ಜಾಗ: ಅವರ ಕಲ್ಪನೆ ಅದಾಗಿತ್ತು. ಕಂಪನಿಗಳು ಆ ತಡಿಕೆಗಳನ್ನು ಕೊಂಡವು, ಕಲ್ಪನೆಯನ್ನು ಕೊಳ್ಳಲಿಲ್ಲ. ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ಕೂರಿಸುವ ಚೌಕದ ಗೂಡುಗಳಾಗಿ ಅವು ಜಗತ್ತನ್ನೆಲ್ಲ ಹರಡಿದವು. ನಮ್ಮ ಪಾಲಿಗೆ ಉಳಿದದ್ದು ಆ ಗೂಡಿನ ಬಟ್ಟೆ ಹೊದಿಸಿದ ಒಳಗೋಡೆ. ಅದರಲ್ಲಿ ಮಗುವಿನ ಫೋಟೊ, ಕ್ಯಾಲೆಂಡರು, ರಾಘವೇಂದ್ರ ಸ್ವಾಮಿಗಳ ಪಟ, ರಜೆಯ ಪಟ್ಟಿ ಚುಚ್ಚಿಕೊಂಡು ಒಂದು ತಲೆಮಾರು ಬದುಕಿತು.

ವಿಷಯವೊಂದನ್ನು ಹಿಡಿದು ವಸ್ತುಗಳನ್ನು ಜೋಡಿಸುವ ವಿದ್ಯೆಯನ್ನು ಕಲಿಯಲು ನಾವು ದೂರ ಹೋಗಬೇಕಾಗಿಯೂ ಇಲ್ಲ. ಹಳೆಯ ಮೈಸೂರಿನ ಸೀಮೆಯಲ್ಲಿ ಅದು ಮನೆಮನೆಯ ವಿದ್ಯೆ. ಮೈಸೂರಿನಲ್ಲಿ ನನ್ನ ಅಜ್ಜಿಯ ಮನೆಯಲ್ಲಿ ನವರಾತ್ರಿಗೆ ಏಳು ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸುತ್ತಿದ್ದರು. ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕು. ಮೇಲ್ಗಡೆ ತಾಯಿ ಮಗಳಿಗೆ ಮದುವೆಯಲ್ಲಿ ಕೊಡುವ ಪಟ್ಟದ ಗೊಂಬೆಗಳು, ಕೆಳಗೆ ದವಸದ ಅಂಗಡಿಯ ಮುಂದೆ ಹೊಟ್ಟೆ ಬಿಟ್ಟುಕೊಂಡು ಕುಳಿತ ಶೆಟ್ಟಿ ಮತ್ತು ಶೆಟ್ಟಮ್ಮ. ಇವು ಪ್ರತಿ ವರ್ಷವೂ ಅವೇ. ಮೆಟ್ಟಿಲುಗಳ ಬುಡದಲ್ಲಿ ಮಾತ್ರ ಪ್ರತಿ ವರ್ಷ ಹೊಸ ಲೋಕ. ಒಂದು ವರ್ಷ ಉದ್ಯಾನ, ಒಂದು ವರ್ಷ ಮೃಗಾಲಯ, ಇನ್ನೊಂದು ವರ್ಷ ಸಂತೆ. ಅದಕ್ಕೆ ಬೇಕಾದ ಹೊಲವನ್ನು ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ ಬೆಳೆಸುತ್ತಿದ್ದೆವು. ನೀರು ಹಾಕುವ ಹೊಣೆ ಮಕ್ಕಳದು. ಗೊಂಬೆ ಕೂರಿಸಿದರೆ ಸಾಲದು, ನೆರೆಹೊರೆಯವರನ್ನು ಕರೆಯಬೇಕು. ಬಂದವರು ‘ಈ ಸಲ ಹೊಸದೇನು?’ ಎಂದು ಕೇಳಬೇಕು. ಕೈಮುರಿದ ಗೊಂಬೆಗೂ ಒಂದು ಕಥೆಯಿರುತ್ತಿತ್ತು, ಅದನ್ನು ಅಜ್ಜಿ ಪ್ರತಿ ವರ್ಷವೂ ಹೇಳುತ್ತಿದ್ದರು. ಬಂದ ಮಕ್ಕಳಿಗೆ ಗೊಂಬೆ ಬಾಗಿನವೆಂದು ತಿಂಡಿ ಕೊಡುತ್ತಿದ್ದರು.

ಚಿಕ್ಕಂದಿನಲ್ಲಿ ನನಗೆ ಇಷ್ಟವಾಗುತ್ತಿದ್ದುದು ಕೂರಿಸುವ ದಿನ. ಈಗ ನೆನಪಾಗುವುದು ಎತ್ತಿಡುವ ದಿನ. ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸುತ್ತಿದ್ದರು. ಮರುದಿನ ಒಂದೊಂದನ್ನೂ ಒರೆಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಭಾರದವನ್ನು ಕೆಳಗೆ, ಹಗುರದವನ್ನು ಮೇಲೆ ಇಟ್ಟು ಪೆಟ್ಟಿಗೆ ಮುಚ್ಚುತ್ತಿದ್ದರು. ಆ ಕೆಲಸವನ್ನು ಅಜ್ಜಿ ಕೆಲಸದವರಿಗೆ ಬಿಡುತ್ತಿರಲಿಲ್ಲ. ‘ಕೂರಿಸಿದವರೇ ಎತ್ತಿಡಬೇಕು. ಎಲ್ಲಿ ಬಿರುಕು ಬಿಟ್ಟಿದೆ ಅಂತ ಗೊತ್ತಾಗೋದು ಆವಾಗಲೇ’ ಎನ್ನುತ್ತಿದ್ದರು. ನಮ್ಮ ಕಚೇರಿಗಳು ಕೂರಿಸುವುದನ್ನು ಕಲಿತಿವೆ, ಎತ್ತಿಡುವುದನ್ನು ಕಲಿತಿಲ್ಲ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಕೊರೊನಾ ಕಾಲದ ನಂತರ. 2020ರ ಮಾರ್ಚ್ ಮೊದಲ ವಾರದಲ್ಲಿ ಮಹಿಳಾ ದಿನದ ಪ್ರಯುಕ್ತ ನಮ್ಮ ಮಹಡಿಯ ದೊಡ್ಡ ಸಾಫ್ಟ್‌ಬೋರ್ಡಿನ ಮೇಲೆ ‘ನನಗೆ ದಾರಿ ತೋರಿದವಳು’ ಎಂಬ ವಿಷಯ ಇಟ್ಟಿದ್ದೆವು. ಗಂಡಸರು, ಹೆಂಗಸರು ಎಲ್ಲರೂ ಒಂದೊಂದು ಕಾರ್ಡಿನಲ್ಲಿ ತಮ್ಮ ಕೈಬರಹದಲ್ಲಿ ನಾಲ್ಕು ಸಾಲು ಬರೆದು ಚುಚ್ಚಬೇಕು. ಅಮ್ಮ, ಅಕ್ಕ, ಟೀಚರು, ಹಾಸ್ಟೆಲ್ಲಿನ ಅಡುಗೆಯಾಕೆ ಹೀಗೆ ಎಪ್ಪತ್ತಕ್ಕೂ ಹೆಚ್ಚು ಕಾರ್ಡುಗಳು ಬಂದವು. ಮಾರ್ಚ್ ಮಧ್ಯದಲ್ಲಿ ಕಚೇರಿ ಖಾಲಿಯಾಯಿತು. 24ರ ರಾತ್ರಿ ದೇಶವೇ ಬಾಗಿಲು ಹಾಕಿಕೊಂಡಿತು. ಎರಡು ವಾರದಲ್ಲಿ ಮರಳುತ್ತೇವೆಂದು ಹೊರಟವರು ಮರಳಿದ್ದು 2021ರ ನವೆಂಬರಿನಲ್ಲಿ.

ಬೋರ್ಡು ಹಾಗೆಯೇ ಇತ್ತು. ಕಿಟಕಿಯ ಕಡೆಯ ಕಾರ್ಡುಗಳು ಬಿಸಿಲಿಗೆ ಬಿಳಿಚಿಕೊಂಡಿದ್ದವು. ಒಳಗಡೆಯವುಗಳ ಬಣ್ಣ ನಿನ್ನೆಯಷ್ಟೇ ಬಳಿದಂತಿತ್ತು. ಅವುಗಳ ನಡುವೆ, ಮೇಲಿನಿಂದ ಮೂರನೆಯ ಸಾಲಿನಲ್ಲಿ, ನಮ್ಮ ಸಹೋದ್ಯೋಗಿಯೊಬ್ಬರ ಕಾರ್ಡು ಇತ್ತು. ಎರಡನೆಯ ಅಲೆಯಲ್ಲಿ, ಅದೇ ವರ್ಷದ ಮೇ ತಿಂಗಳಲ್ಲಿ ಅವರು ತೀರಿಕೊಂಡಿದ್ದರು. ತಮ್ಮನ್ನು ಓದಿಸುವುದಕ್ಕಾಗಿ ತಾನು ಶಾಲೆ ಬಿಟ್ಟ ಅಕ್ಕನ ಬಗ್ಗೆ ಅವರು ಬರೆದಿದ್ದರು. ದಿನವೂ ಎದುರಿಗೆ ಕುಳಿತು ಹನ್ನೊಂದು ವರ್ಷ ಕೆಲಸ ಮಾಡಿದ ನನಗೆ ಅವರಿಗೊಬ್ಬ ಅಕ್ಕ ಇದ್ದದ್ದು ಗೊತ್ತಿರಲಿಲ್ಲ. ಕಾರ್ಡು ಹಾಕಿದ ದಿನ ನಾನು ಓದಿರಲಿಲ್ಲ. ಸಮಿತಿಯವಳಾಗಿ ಸಾಲುಗಳು ನೆಟ್ಟಗಿವೆಯೇ ಎಂದಷ್ಟೇ ನೋಡಿದ್ದೆ.

ಮಹಡಿ ಗುಡಿಸುವ ಅಕ್ಕ ಆ ವೇಳೆಗೆ ಮೂರು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕೂತು, ಮತ್ತೆ ಕೆಲಸಕ್ಕೆ ಹತ್ತಿ ವರ್ಷದ ಮೇಲಾಗಿತ್ತು. ಖಾಲಿ ಮಹಡಿಯನ್ನು ಅವರು ದಿನವೂ ಒರೆಸಿದ್ದರು. ಬೋರ್ಡನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. ‘ತೆಗೀರಿ ಅಂತ ಸೂಪರ್‌ವೈಸರ್ ಹೇಳಿದ್ರು ಮೇಡಂ. ಎಲ್ಲಾ ಕೈಯಲ್ಲಿ ಬರ್ದಿದ್ದೀರಲ್ಲ, ನಾನು ಹೆಂಗೆ ಕಸಕ್ಕೆ ಹಾಕ್ಲಿ? ನೀವು ಬಂದು ತಗೋತೀರಿ ಅಂತ ಧೂಳು ಮಾತ್ರ ಹೊಡೀತಿದ್ದೆ’ ಎಂದರು. ಅವರು ಥರ್ಮೋಕೋಲ್ ಹಳ್ಳಿಯನ್ನು ಒಂದೂವರೆ ಗಂಟೆಯಲ್ಲಿ ಮುರಿದು ಚೀಲಕ್ಕೆ ತುಂಬಿದವರೇ. ಯಾವುದು ಕಸ, ಯಾವುದು ಅಲ್ಲ ಎಂಬ ತೀರ್ಮಾನವನ್ನು ಎರಡು ಸಲವೂ ಅವರು ನಮಗಿಂತ ಚೆನ್ನಾಗಿ ಮಾಡಿದ್ದರು.

ಆ ದಿನ ಬೋರ್ಡನ್ನು ನಾವೇ ತೆಗೆದೆವು. ಒಂದೊಂದೇ ಪಿನ್ನು ಕಿತ್ತು, ಕಾರ್ಡನ್ನು ಜೋರಾಗಿ ಓದಿ, ಬರೆದವರ ಕೈಗೆ ಕೊಟ್ಟೆವು. ಕೆಲಸ ಬಿಟ್ಟುಹೋದವರಿಗೆ ಅಂಚೆಯಲ್ಲಿ ಕಳಿಸಿದೆವು. ಆ ಸಹೋದ್ಯೋಗಿಯ ಕಾರ್ಡನ್ನು ನಾವಿಬ್ಬರು ಅವರ ಮನೆಗೆ ತಲುಪಿಸಿದೆವು. ಅವರ ಹೆಂಡತಿ ಅದನ್ನು ಓದಿ, ಏನೂ ಹೇಳದೆ, ಒಳಗೆ ಹೋಗಿ ಅತ್ತಿಗೆಗೆ ಫೋನು ಮಾಡಿದರು. ಹಾಕಿದ ದಿನ ಯಾರೂ ಸರಿಯಾಗಿ ನೋಡದಿದ್ದ ಪ್ರದರ್ಶನ, ತೆಗೆದ ದಿನ ತನ್ನ ಕೆಲಸ ಮಾಡಿತು.

ಕಚೇರಿಗೆ ಮರಳಿದ ಮೇಲೆ ಇನ್ನೊಂದು ಬದಲಾವಣೆ ಕಾದಿತ್ತು. ವಾರಕ್ಕೆ ಮೂರು ದಿನ ಮಾತ್ರ ಬರುವವರಿಗೆ ಸ್ವಂತ ಮೇಜು ಯಾಕೆ ಎಂದು ಕಂಪನಿ ಲೆಕ್ಕ ಹಾಕಿತು. ಈಗ ನಮ್ಮಲ್ಲಿ ಯಾರಿಗೂ ಸ್ವಂತ ಜಾಗವಿಲ್ಲ. ಬೆಳಿಗ್ಗೆ ಖಾಲಿ ಇದ್ದ ಮೇಜಿಗೆ ಕೂತು, ಸಂಜೆ ಚೀಲವನ್ನು ಲಾಕರಿಗೆ ಹಾಕಿ ಹೊರಡುವುದು. ನಗರದ ಅನೇಕ ಕಚೇರಿಗಳ ಕಥೆ ಇದು. ಬಾಡಿಗೆಯ ಲೆಕ್ಕದಲ್ಲಿ ಅದು ಸರಿಯೇ ಇರಬಹುದು, ಲೆಕ್ಕದವಳಾದ ನಾನು ಅಲ್ಲಗಳೆಯಲಾರೆ. ಆದರೆ ಮಗುವಿನ ಫೋಟೊ ಚುಚ್ಚುವ ಗೋಡೆಯೂ ಹೋಯಿತು. ಪಕ್ಕದಲ್ಲಿ ಕುಳಿತವರು ಯಾರು, ಯಾವ ಊರಿನವರು, ಮನೆಯಲ್ಲಿ ಯಾರಿದ್ದಾರೆ ಎಂದು ಮೇಜು ನೋಡಿ ತಿಳಿಯುವ ಕಾಲ ಮುಗಿಯಿತು. ಹಂಚಿಕೊಂಡ ಆ ದೊಡ್ಡ ಬೋರ್ಡು ಮತ್ತು ಲಿಫ್ಟಿನ ಎದುರಿನ ಕಪಾಟು, ಇವೆರಡೇ ನಮ್ಮೆಲ್ಲರದು ಎನ್ನಬಹುದಾದ ಜಾಗಗಳಾಗಿ ಉಳಿದವು. ಅಲಂಕಾರ ಸಮಿತಿಯ ಕೆಲಸ ಈಗ ಮೊದಲಿಗಿಂತ ಗಂಭೀರವಾದದ್ದು ಎಂದು ನನಗನ್ನಿಸಿದ್ದು ಈ ಕಾರಣಕ್ಕೆ.

ಹಾಗಾದರೆ ಅದನ್ನು ಮಾಡುವುದು ಹೇಗೆ? ನಾವು ಎಡವಿ ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು ವಿಷಯದ ಆಯ್ಕೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನೇ ನೋಡಿ. 1889ರಲ್ಲಿ ಅಡಿಗಲ್ಲು ಹಾಕಿದ ಆ ಗಾಜಿನ ಮನೆಯಲ್ಲಿ 2022ರ ಆಗಸ್ಟಿನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್, 2023ರ ಆಗಸ್ಟಿನಲ್ಲಿ ವಿಧಾನಸೌಧ ಮತ್ತು ಕೆಂಗಲ್ ಹನುಮಂತಯ್ಯ ವಿಷಯವಾದರು. ನೋಡಲು ಬಂದವರೆಲ್ಲ ತಮ್ಮ ತಮ್ಮ ನೆನಪನ್ನು ಜೊತೆಗೆ ತಂದಿರುತ್ತಾರೆ, ಹೂವು ಅದನ್ನು ಎಬ್ಬಿಸುತ್ತದೆ ಅಷ್ಟೆ. ಒಳ್ಳೆಯ ವಿಷಯವೆಂದರೆ ಎಲ್ಲರಿಗೂ ಅದರಲ್ಲಿ ಪಾಲಿರಬೇಕು. ಇದರಲ್ಲಿ ನಾವು ಸೋತದ್ದೂ ಉಂಟು. 2018ರಲ್ಲಿ ‘ಗುರುತಿಸಿ ನೋಡೋಣ’ ಎಂದು ಎಲ್ಲರ ಬಾಲ್ಯದ ಫೋಟೊಗಳನ್ನು ಕೇಳಿದೆವು. ಬಹಳ ಜನಪ್ರಿಯವಾಯಿತು. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಮಾತ್ರ ಮೂರು ಸಲ ನೆನಪಿಸಿದರೂ ಕೊಡಲಿಲ್ಲ. ನಾಲ್ಕನೆಯ ಸಲ ಕೇಳಿದಾಗ, ‘ಮೇಡಂ, ನನ್ನ ಮೊದಲನೇ ಫೋಟೊ ಹತ್ತನೇ ಕ್ಲಾಸಿನ ಹಾಲ್‌ಟಿಕೆಟ್ಟಿನದು’ ಎಂದ. ಬಾಲ್ಯಕ್ಕೆ ಫೋಟೊ ಇರುತ್ತದೆ ಎಂಬುದೇ ನಮ್ಮ ವರ್ಗದ ನಂಬಿಕೆ ಎಂದು ಆಗ ಹೊಳೆಯಿತು. ಅಂದಿನಿಂದ ಒಂದು ವಿಷಯ ಗೊತ್ತುಮಾಡುವ ಮೊದಲು ‘ಇದಕ್ಕೆ ತರಲು ಏನೂ ಇಲ್ಲದವರು ಯಾರು?’ ಎಂದು ಕೇಳಿಕೊಳ್ಳುತ್ತೇವೆ. ಒಂದು ಧರ್ಮದ ಹಬ್ಬ, ಹೆಂಗಸರೇ ತರಬೇಕಾದ ಅಡುಗೆ, ದುಡ್ಡಿದ್ದವರೇ ಹೋಗುವ ಪ್ರವಾಸ, ಇಂಥವೆಲ್ಲ ಈ ಪ್ರಶ್ನೆಯ ಮುಂದೆ ತಾವಾಗಿಯೇ ಬಿದ್ದುಹೋಗುತ್ತವೆ.

ಎರಡನೆಯದು ಸಾಮಗ್ರಿ. ಕರ್ನಾಟಕದಲ್ಲಿ ಫ್ಲೆಕ್ಸ್ ಮತ್ತಿತರ ಪ್ಲಾಸ್ಟಿಕ್ ವಸ್ತುಗಳ ಮೇಲೆ 2016ರಲ್ಲೇ ನಿಷೇಧ ಬಂದಿತ್ತು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ನಿಷೇಧಿಸಿದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಕೂಡ ಇದೆ. ಕಾನೂನನ್ನು ಬದಿಗಿಟ್ಟರೂ ಒಂದು ಸರಳ ಪರೀಕ್ಷೆ ಸಾಕು: ಪ್ರದರ್ಶನ ಮುಗಿದ ಮೇಲೆ ಈ ವಸ್ತು ಯಾರ ಮನೆಗೆ ಹೋಗುತ್ತದೆ? ಉತ್ತರವಿಲ್ಲದಿದ್ದರೆ ಅದನ್ನು ತರುವುದು ಬೇಡ. ಎರವಲು ತಂದದ್ದನ್ನು ಹಿಂದಿರುಗಿಸುವ ಪ್ರದರ್ಶನಕ್ಕೆ ಖರ್ಚೂ ಇಲ್ಲ, ಕಸವೂ ಇಲ್ಲ.

ಮೂರನೆಯದು ಜಾಗ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡು 9 ಮಂದಿ ಪ್ರಾಣ ಕಳೆದುಕೊಂಡರು. ಹೊಗೆ ತಾಳಲಾರದೆ ಮೇಲಿನಿಂದ ಹಾರಿದವರೂ ಅವರಲ್ಲಿದ್ದರು. ಅದು ಅಲಂಕಾರದಿಂದ ಆದ ದುರಂತವಲ್ಲ. ಆದರೆ ಹೊರಬಾಗಿಲಿನ ದಾರಿಗೆ ಅಡ್ಡವಾಗಿ ಕಾಗದದ ಕಮಾನು ನಿಲ್ಲಿಸುವಾಗ, ಹೊಗೆಪತ್ತೆ ಯಂತ್ರಕ್ಕೆ ಬಟ್ಟೆಯ ಮೇಲ್ಕಟ್ಟು ಮುಚ್ಚುವಾಗ, ದೀಪಗಳ ಸರಕ್ಕೆ ಒಂದೇ ಪ್ಲಗ್ಗಿನಿಂದ ನಾಲ್ಕು ತಂತಿ ಎಳೆಯುವಾಗ ಅದು ನೆನಪಿರಬೇಕು. ನಾವೀಗ ಒಂದು ಕಪಾಟು, ಒಂದು ಬೋರ್ಡು ಬಿಟ್ಟು ಆಚೆಗೆ ಹೋಗುವುದಿಲ್ಲ. ಸಣ್ಣ ಜಾಗವಾದರೆ ಜನ ಹತ್ತಿರ ಬಂದು ನೋಡುತ್ತಾರೆ, ಅದೂ ಒಂದು ಲಾಭ.

ನಾಲ್ಕನೆಯದು ಚೀಟಿ. ವಸ್ತುವಿನ ಪಕ್ಕದಲ್ಲಿ ತಂದವರ ಹೆಸರು, ಅದರ ಕಥೆ ಎರಡು ಸಾಲು. ಚೀಟಿ ಇಲ್ಲದ ವಸ್ತು ಅಂಗಡಿಯ ವಸ್ತುವಿನಂತೆ ಕಾಣುತ್ತದೆ. ಬಹುಮಾನವನ್ನು ನಾವು ನಿಲ್ಲಿಸಿದೆವು. ಬಹುಮಾನವಿದ್ದಾಗ ಪ್ರತಿ ವಿಭಾಗವೂ ತನ್ನದನ್ನು ಪರದೆ ಹಾಕಿ ಮುಚ್ಚಿಡುತ್ತಿತ್ತು. ಈಗ ಕಟ್ಟುವಾಗಲೇ ಬಂದು ಇಣುಕುತ್ತಾರೆ, ತಾವೂ ಏನೋ ತರುತ್ತೇವೆನ್ನುತ್ತಾರೆ. ಕೊನೆಯದು, ಹಾಕಿದವರೇ ತೆಗೆಯುವುದು. ಅದನ್ನು ಕೆಲಸದ ವೇಳೆಯಲ್ಲೇ, ಅರ್ಧ ಗಂಟೆ ಮೀಸಲಿಟ್ಟು ಮಾಡುತ್ತೇವೆ.

ಇಷ್ಟನ್ನೂ ಒಟ್ಟಿಗೆ ಪ್ರಯೋಗಿಸಿದ್ದು 2022ರ ರಾಜ್ಯೋತ್ಸವದಲ್ಲಿ. ವಿಷಯ ‘ನಮ್ಮ ಮನೆಯ ಅಳತೆ’. ಇಡೀ ದಿನ ಅಂಕಿಗಳನ್ನು ಎಣಿಸುವ ಲೆಕ್ಕಪತ್ರದವರಿಗೆ ಅದು ಸಹಜವಾಗಿಯೇ ಹೊಳೆಯಿತು. ನಮ್ಮ ದೇಶದಲ್ಲಿ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು, 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕ ಅಳತೆಗಳು ಜಾರಿಯಾಗತೊಡಗಿದವು. ಕಾನೂನು ಬದಲಾದರೂ ಅಡುಗೆಮನೆ ಬೇಗ ಬದಲಾಗುವುದಿಲ್ಲ. ಮಂಡ್ಯದವರು ತಳ ಸವೆದ ಹಿತ್ತಾಳೆಯ ಪಾವು ತಂದರು. ಧಾರವಾಡದವರು ಅಜ್ಜಿಯ ಕಾಲದ ಸೇರು ತಂದರು. ಹೆಸರು ಒಂದೇ ಆದರೂ ಊರಿನಿಂದ ಊರಿಗೆ ಸೇರಿನ ಗಾತ್ರ ಬೇರೆ ಎಂಬ ಚರ್ಚೆ ಕಪಾಟಿನ ಮುಂದೆಯೇ ನಡೆದು, ಕೊನೆಗೆ ಕ್ಯಾಂಟೀನಿನಿಂದ ಅಕ್ಕಿ ತರಿಸಿ ಅಳೆದು ನೋಡಿದರು. ಉಡುಪಿಯ ಹುಡುಗಿ ಒಣಹುಲ್ಲಿನಲ್ಲಿ ಬಿಗಿದು ಕಟ್ಟಿದ ಸಣ್ಣದೊಂದು ಅಕ್ಕಿ ಮುಡಿ ತಂದಳು. ಅಪ್ಪನ ಚಿನ್ನದ ಕೆಲಸದ ತಕ್ಕಡಿಯನ್ನೂ ಗುಲಗಂಜಿಗಳನ್ನೂ ಒಬ್ಬರು ತಂದರು. ಹಾಲ್‌ಟಿಕೆಟ್ಟಿನ ಹುಡುಗ ತಂದದ್ದು ದರ್ಜಿಯ ಟೇಪು. ಅವನ ತಾಯಿ ಅದರಲ್ಲಿ ಊರಿನವರ ರವಿಕೆಗಳನ್ನು ಅಳೆದು ಅವನನ್ನು ಎಂಜಿನಿಯರಿಂಗ್ ಓದಿಸಿದ್ದರು. ಅವನೇ ಚೀಟಿ ಬರೆದ.

ಅಕ್ಕನಿಗೂ ಮೊದಲೇ ಹೇಳಿದ್ದೆ, ನಿಮ್ಮದೂ ಒಂದು ಇರಬೇಕು ಎಂದು. ಅವರು ಬಂದದ್ದು ಬೆಳಿಗ್ಗೆ ಎಲ್ಲರೂ ಸೇರುವ ಹೊತ್ತಿಗೆ, ಕೈಯಲ್ಲೊಂದು ಮಡಕೆ ಹಿಡಿದು. ಮಡಕೆಯೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕನಕಾಂಬರ, ಮಲ್ಲಿಗೆ. ಅವರ ತಾಯಿ ಊರಿನ ಸಂತೆಯಲ್ಲಿ ಹೂವು ಮಾರುತ್ತಿದ್ದವರು. ‘ಅಳತೆ ಅಂದ್ರಲ್ಲ ಮೇಡಂ, ನಮ್ಮನೇಲಿ ಇದ್ದಿದ್ದು ಇದೊಂದೇ. ಎಲ್ಲಿ ಇಡ್ಲಿ?’ ಎನ್ನುತ್ತ ಅವರು ತಮ್ಮ ಮುಂಗೈಯನ್ನು ಚಾಚಿ ತೋರಿಸಿದರು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಸುತ್ತ ನಿಂತವರು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕೈಯನ್ನೂ ಚಾಚಿ ಆ ಸರಕ್ಕೆ ಹಿಡಿದು ನೋಡಿದರು. ನಮ್ಮ ನಿರ್ದೇಶಕರದು ಉದ್ದ ಕೈ. ‘ಸಾರ್ ಹೂವು ಮಾರಿದ್ರೆ ಲಾಸು’ ಎಂದರು ಅಕ್ಕ. ಎಂಟು ವರ್ಷಗಳಲ್ಲಿ ಅವರು ಆ ಮಹಡಿಯಲ್ಲಿ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೂವನ್ನು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟು ಚೀಟಿ ಬರೆದೆವು: ‘ಒಂದು ಮೊಳ. ಅಳತೆ: ಅಮ್ಮನ ಕೈ’. ಕೆಳಗೆ ಅಕ್ಕನ ಹೆಸರು. ಅವರ ಪೂರ್ತಿ ಹೆಸರನ್ನು ನಾನು ಕೇಳಿ ಬರೆದುಕೊಂಡದ್ದೂ ಅಂದೇ.

ಇದರಿಂದ ಅವರ ಸಂಬಳ ಹೆಚ್ಚಾಗಲಿಲ್ಲ. ಗುತ್ತಿಗೆಯ ನೌಕರಿ ಗುತ್ತಿಗೆಯ ನೌಕರಿಯಾಗಿಯೇ ಉಳಿಯಿತು. ಒಂದು ಕಪಾಟಿನ ಪ್ರದರ್ಶನ ಅನ್ಯಾಯಗಳನ್ನು ಅಳಿಸುತ್ತದೆಂದು ನಾನು ಹೇಳಲಾರೆ, ಹಾಗೆ ಹೇಳಿದರೆ ಅದು ಥರ್ಮೋಕೋಲಿನ ಇನ್ನೊಂದು ಗೋಡೆಯಾದೀತು. ಆದರೆ ಆ ವಾರದಿಂದ ನಮ್ಮ ಮಹಡಿಯಲ್ಲಿ ಅವರನ್ನು ಹೆಸರು ಹಿಡಿದು, ‘ಅಕ್ಕ’ ಸೇರಿಸಿ ಕರೆಯುವವರು ಹೆಚ್ಚಾದರು. ಮುಂದಿನ ವರ್ಷ ಏಜೆನ್ಸಿ ಅವರನ್ನು ಬೇರೆ ಕಟ್ಟಡಕ್ಕೆ ಕಳಿಸಲು ಹೊರಟಾಗ, ಬೇಡವೆಂದು ಕೇಳಿಕೊಂಡು ಪತ್ರ ಬರೆದವರಲ್ಲಿ ಅವರ ಹೆಸರು ಗೊತ್ತಿದ್ದವರು ಅನೇಕರಿದ್ದರು. ಅವರು ಇಲ್ಲಿಯೇ ಉಳಿದರು.

ಅಂದು ಸಂಜೆ ಪ್ರದರ್ಶನ ಎತ್ತಿಡುವಾಗ ಆ ಮಡಕೆಯನ್ನು ನಾನು ಕೈಗೆತ್ತಿಕೊಂಡೆ. ಮಸಿ ಹಿಡಿದಿದ್ದರೂ ಕುತ್ತಿಗೆಯ ಸುತ್ತ ಸುಣ್ಣದ ರಂಗೋಲಿಯ ಎಳೆಗಳು ಅಲ್ಲಲ್ಲಿ ಉಳಿದಿದ್ದವು. ಎಳೆದವಳು ನಾನೇ. ಬೆಳಿಗ್ಗೆ ಗೇಟಿನಲ್ಲಿ ಅದನ್ನು ಪುಸ್ತಕದಲ್ಲಿ ದಾಖಲಿಸಿ ಚೀಟಿ ಕೊಟ್ಟಿದ್ದರು. ಅಕ್ಕ ಸೆರಗಿನ ತುದಿಯಿಂದ ಅದನ್ನು ಬಿಚ್ಚಿ ಕಾವಲಿನವರಿಗೆ ತೋರಿಸಿದರು. ‘ಮಡಕೆ 1’ ಎಂದಿತ್ತು. ಗುರುತು ಹಾಕಿದ್ದ ಚೌಕ, ‘ಹಿಂದಿರುಗಿಸತಕ್ಕದ್ದು’.